ಬಯಲುಗಾಲಿ ಕಾರಿಗೊಂದು ಕೌದಿ

ಕರೂರು ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ನನ್ನ ಮೊಮ್ಮಗಳು ಆ ಕಾರನ್ನು ಮೊದಲ ಸಲ ತೋರಿಸಿದಾಗ ನಾನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಭಕ್ತಿಯಿಂದಲ್ಲ. ಬಾಗಿಲು ಎಲ್ಲಿದೆ ಅಂತ ಹುಡುಕುತ್ತಿದ್ದೆ. ಬಾಗಿಲು ಇರಲಿಲ್ಲ. ಮೇಲೆ ಮುಚ್ಚಿಗೆ ಇರಲಿಲ್ಲ. ನಾಲ್ಕೂ ಗಾಲಿಗಳು ಕಾರಿನ ಮೈಯಿಂದ ಹೊರಗೆ ಚಾಚಿಕೊಂಡು, ಬಚ್ಚಲಿಗೆ ನಿಲ್ಲಿಸಿದ ಮಕ್ಕಳ ಹಾಗೆ, ಮೇಲೊಂದು ಹೊದಿಕೆಯೂ ಇಲ್ಲದೆ ಬಯಲಿಗೆ ನಿಂತಿದ್ದವು.

"ಇದು ಅರ್ಧ ಆಗೈತೋ, ಪೂರ್ತಿ ಆಗೈತೋ?" ಎಂದು ಕೇಳಿದೆ.

"ಪೂರ್ತಿ ಆಗೈತೆ ಅಜ್ಜಿ. ಇದು ಇರೋದೇ ಹಿಂಗೆ."

"ಹಾರ್ನು?"

"ಇಲ್ಲ."

"ಇನ್ನೊಬ್ಬರು ಎಲ್ಲಿ ಕೂಡ್ರಬೇಕು?"

"ಇನ್ನೊಬ್ಬರು ನಿಂತು ನೋಡಬೇಕು."

ನಮ್ಮ ಮನೆಯವರು ವಯಸ್ಸೆಲ್ಲ ಲಾರಿ ಓಡಿಸಿದವರು. ಅವರು ಬಗ್ಗಿ ಒಂದು ಟೈರಿನ ಮೇಲೆ ಅಂಗೈ ಆಡಿಸಿದರು. ಆ ಟೈರಿನ ಮೇಲೆ ಒಂದು ಗೆರೆಯೂ ಇರಲಿಲ್ಲ, ನುಣ್ಣಗೆ ಬೋಳು ತಲೆಯ ಹಾಗಿತ್ತು. "ಪೂರ್ತಿ ಸವೆದು ಹೋಗೈತಲ್ಲೇ ಪುಟ್ಟಿ. ಯಾರು ಕೊಟ್ಟರು ನಿಂಗೆ? ಮೋಸ ಮಾಡ್ಯಾರೆ."

"ಅದು ಹೊಸಾದು ಅಜ್ಜಾ. ಒಣ ನೆಲದಾಗೆ ಗೆರೆ ಇಲ್ಲದಿದ್ರೆ ರಬ್ಬರ್ ಪೂರ್ತಿ ಅಂಟ್ಕಂತೈತೆ. ಮಳೆಗೆ ಬ್ಯಾರೆ ಟೈರ್ ಹಾಕ್ತಾರೆ."

"ನಾ ಇಂಥ ಟೈರ್ ಹಾಕ್ಕಂಡು ಹರಿಹರದ ಸೇತುವೆ ದಾಟಿದ್ರೆ ಪೊಲೀಸಪ್ಪ ಹಾರ ಹಾಕಿ ಕರ್ಕಂಡು ಹೋಗ್ತಿದ್ದ," ಎಂದರು ಅವರು. ಆದರೂ ಅಂಗೈ ತೆಗೆಯಲಿಲ್ಲ.

ನಾನು ಓದಿದ್ದು ಕುಕ್ಕುವಾಡದ ಶಾಲೆಯಲ್ಲಿ, ಮೂರನೇ ಇಯತ್ತೆವರೆಗೆ. ಅಲ್ಲಿಂದ ಇಲ್ಲಿಯವರೆಗೂ ನನಗೆ ಯಾವುದನ್ನು ಕಂಡರೂ ಯಾಕೆ, ಹೆಂಗೆ ಅಂತ ಕೇಳುವ ಚಟ. ತವರಲ್ಲಿ "ಬಾಯಿ ಮುಚ್ಚು" ಎಂದರು, ಅತ್ತೆಮನೆಯಲ್ಲಿ "ಸುಮ್ನಿರು" ಎಂದರು, ಮಗ "ಆಮೇಲೆ ಹೇಳ್ತೀನಿ" ಎಂದು ಇನ್ನೂ ಹೇಳಿಲ್ಲ. ಕೇಳಿದ್ದಕ್ಕೆಲ್ಲ ಕೂತು ಉತ್ತರ ಹೇಳುವವಳು ಈ ಮೊಮ್ಮಗಳೊಬ್ಬಳು. ಇಂಜಿನಿಯರಿಂಗ್ ಓದುತ್ತಾಳೆ. ಕಾಲೇಜಿನ ಗೆಳೆಯರ ಜೊತೆ ಸೇರಿ ಕಬ್ಬಿಣದ ಕೊಳವೆ ಕೊಯ್ದು, ಬೆಸೆದು, ಬೈಕಿನ ಎಂಜಿನ್ನನ್ನು ಬೆನ್ನ ಹಿಂದೆ ಕೂರಿಸಿ ಈ ಕಾರನ್ನು ಕಟ್ಟಿದ್ದಳು. ಬೇರೆ ಬೇರೆ ಕಾಲೇಜಿನವರು ತಾವೇ ಕಟ್ಟಿದ ಇಂಥ ಕಾರುಗಳನ್ನು ತಂದು ಓಡಿಸುವ ಸ್ಪರ್ಧೆ ಇರುತ್ತದಂತೆ. ಅದರಲ್ಲಿ ಓಡಿಸಬೇಕು ಅನ್ನುವುದು ಇವಳ ಆಸೆ.

ಆಸೆಗೆ ಒಂದು ಅಡ್ಡಿ ಇತ್ತು. ಕಾರನ್ನು ಓಡಿಸುವವರು ಮೊದಲು ಬ್ರೇಕಿನ ಪರೀಕ್ಷೆ ಪಾಸಾಗಬೇಕು. ಜೋರಾಗಿ ಬಂದು ಒಮ್ಮೆಲೇ ಬ್ರೇಕ್ ಒತ್ತಿದಾಗ ನಾಲ್ಕೂ ಗಾಲಿ ತಿರುಗುವುದನ್ನು ಬಿಟ್ಟು ಬಿಗಿದುಕೊಂಡು ನೆಲವನ್ನು ಉಜ್ಜಿಕೊಂಡು ಬರಬೇಕು. ನೆಲದ ಮೇಲೆ ನಾಲ್ಕು ಕರಿ ಗೆರೆ ಬೀಳಬೇಕು. ಮೂರು ಬಿದ್ದರೆ ಆಗುವುದಿಲ್ಲ.

"ಓಟದ ಕಾರು ಅಂತೀಯ. ಓಡೋದು ನೋಡೋದು ಬಿಟ್ಟು ನಿಲ್ಲೋದು ಯಾಕ ನೋಡ್ತಾರೆ?" ಎಂದು ಕೇಳಿದೆ.

ಇದಕ್ಕೆ ಮೊಮ್ಮಗಳಿಗಿಂತ ಮೊದಲು ನಮ್ಮ ಮನೆಯವರೇ ಉತ್ತರ ಕೊಟ್ಟರು. "ಓಡಿಸೋದು ಕತ್ತೆನೂ ಓಡಿಸ್ತೈತೆ."

ಅವರ ತಂಡದಲ್ಲಿ ಒಬ್ಬ ಎತ್ತರದ ಹುಡುಗ ಇದ್ದ. ಸೀಟನ್ನು ಅವನ ಮೈ ಅಳತೆಗೆ ಮಾಡಿದ್ದರು. ನನ್ನ ಮೊಮ್ಮಗಳು ನನ್ನ ಹಾಗೆ ಗಿಡ್ಡ. ಅದರಲ್ಲಿ ಕೂತರೆ ಬೆನ್ನಿಗೂ ಸೀಟಿಗೂ ನಡುವೆ ಒಂದು ಗೇಣು ಜಾಗ ಉಳಿಯುತ್ತಿತ್ತು. ಬ್ರೇಕ್ ಒತ್ತಿದರೆ ಬ್ರೇಕ್ ಮುಂದೆ ಹೋಗುವ ಬದಲು ಇವಳೇ ಹಿಂದಕ್ಕೆ ಜಾರುತ್ತಿದ್ದಳು. ಸೀಟಿನ ಅಂಚಿಗೆ ಬಡಿದು ಬಡಿದು ಪಕ್ಕೆಲುಬಿನ ಹತ್ತಿರ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಭಾನುವಾರ ಹರಿಹರದಲ್ಲಿ ಪರೀಕ್ಷೆ. ಅವತ್ತು ನಾಲ್ಕು ಗೆರೆ ಬೀಳದಿದ್ದರೆ ಇವಳು ಕಟ್ಟಿದ ಕಾರನ್ನು ಆ ಹುಡುಗನೊಬ್ಬನೇ ಓಡಿಸುತ್ತಾನೆ, ಇವಳು ಸ್ಪ್ಯಾನರ್ ಹಿಡಿದು ನಿಲ್ಲುತ್ತಾಳೆ. ಹುಡುಗ ಒಳ್ಳೆಯವನೇ. "ನಿಮ್ಮ ಮೊಮ್ಮಗಳು ಓಡಿಸಿದ್ರೆ ನಂಗೂ ಖುಷಿ ಅಜ್ಜಿ," ಎಂದಿದ್ದ. ಆದರೂ ನನಗೆ ಅವನ ಉದ್ದ ಕಾಲುಗಳನ್ನು ಕಂಡರೆ ಹೊಟ್ಟೆಯುರಿ.

ಇವಳು ಪೇಟೆಯಿಂದ ಸ್ಪಂಜು ತಂದು ತುರುಕಿ ನೋಡಿದಳು. ಬ್ರೇಕ್ ಒತ್ತಿದರೆ ಸ್ಪಂಜೇ ಅಮುಕಿಕೊಂಡು ಹೋಯಿತು. ಎಸ್.ಎಸ್. ಬಡಾವಣೆಯ ನಮ್ಮ ಮನೆಯ ಜಗುಲಿಯಲ್ಲಿ ಅದನ್ನು ಎಸೆದು ಗೋಡೆಗೆ ಒರಗಿ ಕೂತಳು. ನಾನು ಪಕ್ಕದಲ್ಲಿ ಕೌದಿ ಹೊಲಿಯುತ್ತಿದ್ದೆ. ಹಳೆ ಸೀರೆ, ಹರಿದ ಪಂಚೆ, ಲಂಗದ ತುಂಡುಗಳನ್ನು ಪದರ ಪದರವಾಗಿ ಹಾಸಿ ಹೊಲಿದು ಮಾಡುವ ಹೊದಿಕೆ ಅದು. ನನ್ನ ಅವ್ವನಿಂದ ಕಲಿತದ್ದು.

"ಆ ಸೀಟಿಗೆ ನಾ ಒಂದು ಕೌದಿ ಹೊಲಿದು ಕೊಡ್ಲಾ?" ಎಂದೆ.

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಕೈಯಲ್ಲಿದ್ದುದನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು.

ಮೊದಲನೆಯದು ಕೆಟ್ಟಿತು. ಅಭ್ಯಾಸ ನೋಡಿ, ಮೆತ್ತಗೆ ಇರಲಿ ಅಂತ ಸಡಿಲವಾಗಿ ಹೊಲಿದಿದ್ದೆ. "ಮಲಗಾಕೆ ಭೇಷ್ ಐತೆ ಅಜ್ಜಿ," ಎಂದಳು. ಎರಡನೆಯದಕ್ಕೆ ನಾನೇ ಶೆಡ್ಡಿಗೆ ಹೋದೆ. ಅವಳನ್ನು ಕಾರಿನಲ್ಲಿ ಕೂರಿಸಿ, ಮಡಿಸಿದ ಸೀರೆಗಳನ್ನು ಬೆನ್ನ ಹಿಂದೆ, ಪಕ್ಕೆಗೆ, ಸೊಂಟದ ಕೆಳಗೆ ಒಂದೊಂದಾಗಿ ತುರುಕುತ್ತಾ, "ಈಗ ಜಾರ್ತೀಯಾ? ಈಗ?" ಎಂದು ಕೇಳುತ್ತಾ ಹೋದೆ. ಅವಳು ಅಲ್ಲಾಡದಂತೆ ಆದಾಗ ಅಷ್ಟನ್ನೂ ಹಾಗೇ ಎತ್ತಿ ದಬ್ಬಳದಲ್ಲಿ ಜಗ್ಗಿ ಜಗ್ಗಿ ಹೊಲಿದೆ. ನಮ್ಮ ಮನೆಯವರ ಹಳೇ ಖಾಕಿ ಅಂಗಿಯೂ ಒಳಗೆ ಹೋಯಿತು, ಇವಳು ಅಂಗನವಾಡಿಗೆ ಹಾಕಿಕೊಂಡು ಹೋಗುತ್ತಿದ್ದ ಹೂವಿನ ಫ್ರಾಕೂ ಹೋಯಿತು. ಮುಗಿಯುವ ಹೊತ್ತಿಗೆ ಅದು ಹಲಗೆಯ ಹಾಗೆ ಗಟ್ಟಿಯಾಗಿತ್ತು. ಬೆಂಕಿ ತಾಗಬಾರದೆಂದು ಮೇಲೆ ವೆಲ್ಡಿಂಗ್‌ನವರು ಬಳಸುವ ಒಂದು ಒರಟು ಬಟ್ಟೆಯ ಗವಸು ಹಾಕಬೇಕು ಎಂದಳು. ಅದನ್ನೂ ಹಾಕಿದೆ.

ಕೌದಿಯನ್ನು ಅಂಚಿನಿಂದ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತೇವೆ. ನಡುವಿನ ಕಡೇ ತೇಪೆ ಮುಚ್ಚುವ ಮುಂಚೆ ಅದರೊಳಗೆ ಒಂದು ಚೂರು ರೊಟ್ಟಿ ಇಡಬೇಕು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಖಾಲಿ ಇದ್ದರೆ ಹೊದ್ದವರೂ ಹಸಿಯುತ್ತಾರೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಎಲ್ಲಾ ಕೌದಿಗೂ ಒಣ ರೊಟ್ಟಿ ಸಾಕು. ಇದು ಮೊಮ್ಮಗಳ ಓಟದ ಕಾರಿನದು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಹಿಗ್ಗಿನಲ್ಲಿ ಹೋಳಿಗೆಯ ಚೂರನ್ನೇ, ಹೂರಣದ ಸಮೇತ, ಇಟ್ಟು ಹೊಲಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ?

ಭಾನುವಾರ ಬೆಳಿಗ್ಗೆ ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ಹರಿಹರಕ್ಕೆ ಹೋದೆವು. ಅಲ್ಲಿ ಬಹಳ ಹಿಂದೆ ಮುಚ್ಚಿಹೋದ ಒಂದು ಕಾರ್ಖಾನೆಯ ಕಾಂಕ್ರೀಟ್ ಅಂಗಳ ಇದೆ. ಪರೀಕ್ಷೆ ನೋಡಲು ಬಂದವರು ಹರಿಹರದ ಒಂದು ಗ್ಯಾರೇಜಿನ ಯಜಮಾನರು. ವಯಸ್ಸಿನಲ್ಲಿ ತಾವೂ ಇಂಥ ಕಾರು ಓಡಿಸಿದವರಂತೆ. ಮಕ್ಕಳೆಲ್ಲ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ಅವರು ನಮಗೆ, "ಬರ್ರಿ, ಕೂಡ್ರಿ," ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು.

ಎತ್ತರದ ಹುಡುಗ ಮೊದಲು ಓಡಿಸಿದ. ಅವನಿಗೆ ಕೌದಿ ಬೇಕಿರಲಿಲ್ಲವಾದ್ದರಿಂದ ಅದನ್ನು ಬೇವಿನ ಮರದ ನೆರಳಿನ ಗೋಡೆಯ ಮೇಲೆ ಇಟ್ಟೆ. ಕಾರು ಕಿರಿಚಿಕೊಂಡು ಬಂದು ನಿಂತಿತು. ಅದರ ಹಿಂದೆ ನೆಲದ ಮೇಲೆ ಗೆರೆಗಳು. ಮುಂದಿನ ಗಾಲಿಗಳ ಮೇಲೆಯೇ ಹಿಂದಿನವು ಬರುವುದಿಲ್ಲವೇ, ಹಾಗಾದರೆ ಗೆರೆ ಎರಡೇ ಆಗಬೇಕಲ್ಲ ಎಂದು ಉಸ್ತಾದರನ್ನು ಕೇಳಿದೆ. ಅವರು ತಿರುಗಿ ನನ್ನನ್ನು ಒಂದು ಸಲ ನೋಡಿದರು.

"ಹಿಂದಿನವು ಸ್ವಲ್ಪ ಒಳಗೆ ಅದಾವ್ರಿ ಅಮ್ಮಾ. ಅದಕ್ಕೇ ಅಕ್ಕಪಕ್ಕ ಬೀಳ್ತಾವೆ. ನೋಡ್ರಿ, ನಾಲ್ಕು."

ಹುಡುಗ ಪಾಸಾದ. ಆಮೇಲೆ ಇವಳ ಸರದಿ. ಒಳಗೆ ಇಳಿಯಬೇಕಾದರೆ ಸ್ಟೇರಿಂಗನ್ನೇ ಕಿತ್ತು ತೆಗೆಯಬೇಕು. ಕಿತ್ತು ನನ್ನ ಕೈಗೆ ಕೊಟ್ಟರು. ರೊಟ್ಟಿ ಬಡಿಯುವ ಹಲಗೆಗಿಂತ ಚಿಕ್ಕದು. ನಾನು ಅದನ್ನು ಎದೆಗೆ ಹಿಡಿದು ನಿಂತಿದ್ದೆ. ಇವಳು ಕೌದಿ ಇಟ್ಟುಕೊಂಡು, ಬೆಲ್ಟು ಬಿಗಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಕೈ ಚಾಚಿದಳು. ಸ್ಟೇರಿಂಗ್ ಕೊಟ್ಟೆ.

ಕಾರು ಹೊರಟಿತು. ಅರ್ಧ ದಾರಿಗೆ ಸದ್ದು ಇಳಿಯಿತು. ಕಾರು ಸೊಟ್ಟಗೆ ನಡೆದು, ಗುರುತಿನ ಜಾಗ ಬರುವ ಮೊದಲೇ ಸುಮ್ಮನೆ ನಿಂತಿತು. ನೋಡಿದರೆ ಸ್ಟೇರಿಂಗ್ ಹೊರಗೆ ಬಿತ್ತು, ಬೆಲ್ಟು ಬಿಚ್ಚಿತು, ಇವಳು ಕಾರಿನಿಂದ ಹಾರಿ ನೆಲದ ಮೇಲೆ ಕುಣಿಯತೊಡಗಿದಳು. ಎಲ್ಲರೂ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿದರು.

"ಬೆಂಕಿ ಎಲ್ಲಿ?" ಎಂದು ಉಸ್ತಾದರು ಕೂಗಿದರು.

"ಬೆಂಕಿ ಅಲ್ರಿ," ಎಂದು ಇವಳು ಕುತ್ತಿಗೆ ತುರಿಸಿಕೊಳ್ಳುತ್ತಾ ಹೇಳಿದಳು. "ಇರುವೆ."

ಕೆಂಪಿರುವೆ. ಕೌದಿಯ ಗವಸಿನ ಬಾಯಿಂದ ಸಾಲು ಕಟ್ಟಿ ಹೊರಗೆ ಬರುತ್ತಿದ್ದವು. ಬೇವಿನ ಮರದಿಂದ ಇಳಿದು ಹೊಕ್ಕಿದ್ದವು. ಉಸ್ತಾದರು ಕೌದಿಯನ್ನು ಎತ್ತಿ ಹೆಬ್ಬೆರಳಲ್ಲಿ ಒತ್ತುತ್ತಾ ಬಂದು ನಡುವೆ ನಿಲ್ಲಿಸಿದರು.

"ಅಮ್ಮಾ, ಇದ್ರೊಳಗೆ ಏನೈತ್ರಿ?"

"ಊಟ ಐತಪ್ಪಾ."

"ಯಾರ್ದು?"

"ಕೌದೀದು."

ಮೊಮ್ಮಗಳು ಹೆಲ್ಮೆಟ್ ತೆಗೆದಳು. "ಏನಿಟ್ಟಿದ್ದೀ ಅಜ್ಜಿ?"

"ಹೋಳಿಗೆ."

ನಮ್ಮ ಮನೆಯವರು ಆಕಾಶ ನೋಡಿದರು. "ಹಂಗೇ ತುಪ್ಪಾನೂ ಬಿಟ್ಟಿದ್ಯೇನು?"

ಉಸ್ತಾದರ ಮುಖ ಮೊದಲು ಬಿಗಿದಿತ್ತು, ಆಮೇಲೆ ಸಡಿಲಾಯಿತು. "ನಮ್ಮ ಅಮ್ಮೀನೂ ಹೊಲಿತಿದ್ಲು. ಆಕೆ ನಾಲ್ಕು ಅಕ್ಕಿಕಾಳು ಇಡ್ತಿದ್ಲು. ಹೋಳಿಗೆ ಇಡೋರನ್ನ ನಾ ಇವತ್ತೇ ನೋಡಿದ್ದು." ಮತ್ತೆ ಕೌದಿಯನ್ನು ನನ್ನ ಕೈಗಿಟ್ಟರು. "ನೋಡ್ರಿ, ಕಾರಿನಾಗೆ ಒಂದು ಕಾಳು ಸಡಿಲ ಇದ್ರೂ ನಾ ಬಿಡಂಗಿಲ್ಲ. ಸರಿ ಮಾಡಿ ಕೊಡ್ರಿ. ಇನ್ನೊಂದು ಸಲ ಬಿಡ್ತೀನಿ. ಒಂದೇ ಸಲ. ಆಮೇಲೆ ನಂಗೆ ಗ್ಯಾರೇಜ್ ಐತೆ."

ಸೂಜಿ ದಾರ ಯಾವಾಗಲೂ ನನ್ನ ಎಲೆಯಡಿಕೆ ಚೀಲದಲ್ಲಿ ಇರುತ್ತದೆ. ಗವಸು ತೆಗೆದು ನಡುವಿನ ಹೊಲಿಗೆ ಬಿಚ್ಚಿದೆ. ಹೋಳಿಗೆ ತೆಗೆದು ಗೋಡೆಯ ಮೇಲಿಟ್ಟೆ. ನಮ್ಮ ಮನೆಯವರು ಕೌದಿಯನ್ನು ಬಿಸಿಲಿನ ಗೋಡೆಗೆ ಪಟಪಟ ಬಡಿದು ಇರುವೆಗಳನ್ನೆಲ್ಲ ಉದುರಿಸಿ, ಪದರ ಪದರ ಊದಿ ನೋಡಿ ತಂದರು. ನಾನು ಸೂಜಿಗೆ ದಾರ ಪೋಣಿಸಿ ಹಾಗೇ ಕೂತೆ. ಮುಚ್ಚಬೇಕು, ಆದರೆ ಖಾಲಿ ಹೊಟ್ಟೆ ಹೆಂಗೆ ಮುಚ್ಚುವುದು? ಇಷ್ಟು ವರ್ಷದಲ್ಲಿ ಒಂದನ್ನೂ ಹಾಗೆ ಮುಚ್ಚಿದವಳಲ್ಲ. ಅದೂ ಇವಳು ಕೂರುವಂಥದ್ದನ್ನು.

ಮೊಮ್ಮಗಳಿಗೆ ನನ್ನ ಕೈ ನಿಂತದ್ದು ಗೊತ್ತಾಯಿತು. ಬೈಯುತ್ತಾಳೆ ಎಂದುಕೊಂಡೆ. ಅವಳ ಕುತ್ತಿಗೆಯೆಲ್ಲ ದದ್ದು ಎದ್ದಿತ್ತು. ಅವಳು ಎದ್ದು ಹೋಗಿ ಹುಡುಗನ ಗೆರೆಯ ಮೇಲೆ ಬಗ್ಗಿ ಏನನ್ನೋ ಆಯ್ದು ತಂದಳು. ಟೈರು ಉಜ್ಜಿದಾಗ ಉದುರಿದ ರಬ್ಬರಿನ ಸಿಪ್ಪೆ, ಉಗುರಿನಷ್ಟು.

"ಇದನ್ನ ಇಡಜ್ಜಿ. ಕಾರಿನ ಕೌದಿ ಅಲ್ವಾ? ಕಾರಿನ ಊಟಾನೇ ಉಣ್ಲಿ."

ನಾನು ಅದನ್ನು ಮೂಸಿ ನೋಡಿದೆ. ಸುಟ್ಟ ವಾಸನೆ. ಬೆರಳಲ್ಲಿ ಎಳೆದರೆ ಎಳೆಯಿತು, ಬಿಟ್ಟರೆ ಸುರುಳಿಯಾಯಿತು. ಇದನ್ನು ಇರುವೆ ತಿನ್ನುವುದಿಲ್ಲ. ಒಳಗಿಟ್ಟು, ಅಲ್ಲಾಡದ ಹಾಗೆ ಅದರ ಮೈಯ ಮೂಲಕವೇ ಸೂಜಿ ಹಾಯಿಸಿ ಬಿಗಿದು ಹೊಲಿದು, ಮತ್ತೆ ಗವಸು ಹಾಕಿದೆ. ಉಸ್ತಾದರು ಹೆಬ್ಬೆರಳಲ್ಲಿ ಒತ್ತಿ, ಕೊಡವಿ, ತಲೆ ಆಡಿಸಿದರು.

ಎರಡನೇ ಸಲ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಕಾರು ಅಂಗಳದ ಆ ತುದಿಯಿಂದ ಬಂತು. ಈ ಸಲ ಸದ್ದು ಇಳಿಯಲಿಲ್ಲ. ಗುರುತಿನ ಜಾಗಕ್ಕೆ ಬಂದದ್ದೇ ಗಾಲಿಗಳು ತಿರುಗುವುದನ್ನು ಬಿಟ್ಟವು. ಅದು ನನ್ನ ಕಣ್ಣಿಗೇ ಕಂಡಿತು. ಕಾರು ಓಡುತ್ತಲೇ ಇದೆ, ಗಾಲಿಗಳು ನಿಂತಿವೆ. ಹೊಗೆ ಎದ್ದು ನನ್ನ ಸೆರಗಿನವರೆಗೂ ಬಂತು.

ಎಲ್ಲರೂ ಗೆರೆಗಳ ಹತ್ತಿರ ಓಡಿದೆವು. ಒಂದು, ಎರಡು, ಮೂರು. ಎಡಗಡೆಯ ಒಳಗೆರೆ ಕಾಣಲಿಲ್ಲ. ಅಲ್ಲಿ ಕಾಂಕ್ರೀಟೇ ಕಪ್ಪಾಗಿತ್ತು, ಹಳೇ ಎಣ್ಣೆಯ ಕಲೆ. ಉಸ್ತಾದರು ಮಂಡಿಯೂರಿದರು. ಹೆಬ್ಬೆರಳಿಗೆ ಉಗುಳು ಹಚ್ಚಿ ಕಲೆಯ ಮೇಲೆ ಉಜ್ಜಿದರು. ಬೆರಳು ಎತ್ತಿ ನೋಡಿದರು, ನಮಗೂ ತೋರಿಸಿದರು. ಹೊಸ ರಬ್ಬರಿನ ಮಸಿ.

"ನಾಲ್ಕು," ಎಂದರು.

ನಮ್ಮ ಮನೆಯವರು ತಾವೂ ಕೂತು, ತಮ್ಮ ಬೆರಳಿನಿಂದ ಉಜ್ಜಿ ನೋಡಿದರು. ಉಸ್ತಾದರ ಮೇಲೆ ಅಪನಂಬಿಕೆಯಿಂದಲ್ಲ. ಆಮೇಲೆ ಆ ಬೆರಳನ್ನು ಮಧ್ಯಾಹ್ನದ ಊಟದವರೆಗೂ ತೊಳೆಯಲಿಲ್ಲ.

ಮೊಮ್ಮಗಳು ಕಾರಿನಲ್ಲೇ ಕೂತಿದ್ದಳು, ಹೆಲ್ಮೆಟ್ ತೆಗೆದಿರಲಿಲ್ಲ. ಇಳಿದು ಕೇಳಲು ಹೆದರಿಕೆ ಇರಬೇಕು. ನಾನು ಹೋಗಿ ಅವಳ ಮುಂದೆ ನಾಲ್ಕು ಬೆರಳು ಹಿಡಿದೆ. ಹೆಲ್ಮೆಟ್ಟಿನೊಳಗಿಂದ ಏನೋ ಒಂದು ಸದ್ದು ಬಂತು, ನಗುವೋ ಅಳುವೋ, ಈಗಲೂ ಅವಳು ಹೇಳುವುದಿಲ್ಲ. ನಾನು ಕೇಳಿದ್ದಕ್ಕೆ ಅವಳು ಉತ್ತರ ಕೊಡದೆ ಇರುವುದು ಅದೊಂದಕ್ಕೇ.

ಉಸ್ತಾದರು ಹೊರಡುವ ಮುಂಚೆ ನಾನು ಇನ್ನೊಂದು ಕೇಳಿದೆ. "ಎಂಜಿನ್ ಆರಿಸಿ, ನಾನೂ ಒಂದು ಸಲ ಒಳಗೆ ಕೂತು ನೋಡಬಹುದಾ?"

"ಇಳಿಸೋದು ಸಲೀಸು," ಎಂದರು ನಮ್ಮ ಮನೆಯವರು. "ಎಬ್ಬಿಸೋರು ಯಾರು? ಕ್ರೇನ್ ತರಿಸ್ಬೇಕಾಗ್ತೈತೆ."

ಸ್ಟೇರಿಂಗ್ ಕಿತ್ತು ಅವರ ಕೈಗೇ ಕೊಟ್ಟರು. ಮೊಮ್ಮಗಳು ಒಂದು ರಟ್ಟೆ ಹಿಡಿದಳು, ಆ ಎತ್ತರದ ಹುಡುಗ ಇನ್ನೊಂದು ಹಿಡಿದ. ಸೀರೆ ಒಟ್ಟು ಮಾಡಿಕೊಂಡು ಬಾವಿಗೆ ಇಳಿದ ಹಾಗೆ ಇಳಿದೆ. ಕಾಲು ಚಾಚಿದೆ. ನನ್ನದೂ ಮೊಮ್ಮಗಳದೂ ಒಂದೇ ಅಳತೆ ನೋಡಿ, ಬೆರಳ ತುದಿಗೆ ಬ್ರೇಕ್ ಸಿಕ್ಕಿತು. ಜೋರಾಗಿ ಒತ್ತಿದೆ. ಬ್ರೇಕ್ ಹೋಯಿತು, ನಾನು ಜಾರಲಿಲ್ಲ. ನಡುಬೆನ್ನಿಗೆ ಆ ರಬ್ಬರಿನ ಚೂರು ತಾಗುತ್ತದೇನೋ ಎಂದು ಆ ಕಡೆ ಈ ಕಡೆ ಒರಗಿ ನೋಡಿದೆ. ತಾಗಲಿಲ್ಲ.

"ಎದ್ದೇಳಜ್ಜಿ, ಟೆಂಪೋದವರು ಕಾಯ್ತಾ ಅದಾರೆ," ಎಂದಳು ಮೊಮ್ಮಗಳು.

"ಇರು," ಎಂದೆ. "ಈ ಕೆಂಪು ಗುಂಡಿ ಯಾತಕ್ಕೆ?"

ಅವಳು ಕಾರಿನ ಪಕ್ಕ ನೆಲದ ಮೇಲೆ ಕೂತು, ಹೇಳತೊಡಗಿದಳು.