ಅಣ್ಣನ ಬಾಯಿಗೆ ಸಿಕ್ಕ ಹಾರ್ಮೋನು

ರಾಯದುರ್ಗದ ಬಸ್ ಸ್ಟ್ಯಾಂಡಿನ ಹೊರಗೆ ಯಾರೋ ಕೆಂಡದ ಮೇಲೆ ಕುರಿಯ ಕಿಡ್ನಿ ಸುಡುತ್ತಿದ್ದಾರೆ. ಕೊಬ್ಬು ಕರಗಿ ಕೆಂಡಕ್ಕೆ ಬೀಳುವ ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಹಸಿವಾಗಬೇಕಿತ್ತು, ಸಿಟ್ಟು ಬಂತು. ಯಾಕೆ ಅಂತೀರಾ? ಬಸ್ಸು ಬರುವವರೆಗೆ ಪಕ್ಕದಲ್ಲಿ ಕೂತು ಕೇಳಿ.

ನಮ್ಮಣ್ಣನಿಗೆ ಎರಡೂ ಕಿಡ್ನಿ ಕೆಟ್ಟಾಗ ತನ್ನದೊಂದನ್ನು ಕೊಟ್ಟವಳು ಅತ್ತಿಗೆ. ಮಡಕಶಿರಾ ಕಡೆಯ ಹೆಣ್ಣು. ಬಳುವಳಿಯಾಗಿ ಬಂದ ನಾಲ್ಕು ಕುರಿಯನ್ನು ದೊಡ್ಡ ಹಿಂಡು ಮಾಡಿದವಳು. ಆಪರೇಷನ್ನಿಗೆ ಮುಂಚೆ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ರಕ್ತ ಹುಟ್ಟಿಸುವ ಹಾರ್ಮೋನು ಕಿಡ್ನಿಯಲ್ಲೇ ಆಗುತ್ತದಂತೆ. ಒಂದು ಹೋದರೆ ಸ್ವಲ್ಪ ಕಾಲ ಕಡಿಮೆಯಾಗಬಹುದು, ಆಮೇಲೆ ಉಳಿದದ್ದು ದಪ್ಪಗಾಗಿ ಆ ಕೆಲಸವನ್ನೂ ಹೊತ್ತುಕೊಳ್ಳುತ್ತದೆ, ಪ್ರಾಣಿಗಳಲ್ಲೂ ಹೀಗೆಯೇ ಅಂದರು. ಪಶು ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದ ನಾನು ದೊಡ್ಡ ಪಂಡಿತೆಯ ಹಾಗೆ ತಲೆಯಾಡಿಸಿದೆ. ಅಣ್ಣ ಅಷ್ಟೆಲ್ಲದರಲ್ಲಿ ಒಂದೇ ಒಂದು ಪದ ಹಿಡಿದುಕೊಂಡ.

ಗುಮ್ಮಘಟ್ಟದ ಹತ್ತಿರದ ನಮ್ಮೂರಿಗೆ ಬಂದ ಮೇಲೆ ಅತ್ತಿಗೆ ಏನು ಮಾಡಿದರೂ ಹಾರ್ಮೋನು. ಸಾರಿಗೆ ಉಪ್ಪು ಹೆಚ್ಚಾಯಿತೋ, ಹಾರ್ಮೋನು. ಎದುರು ಮಾತಾಡಿದಳೋ, "ಆಕೀದು ಹಾರ್ಮೋನು ಏರುಪೇರಾಗೇತ್ರಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಅವಳ ಕಿಡ್ನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೇಳುತ್ತಿದ್ದನಲ್ಲ, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವ್ವ ಇನ್ನೂ ಒಂದು ಕೈ ಮೇಲು. ಕುರಿ ಈಯುವ ದಿನಗಳಲ್ಲಿ ನಮ್ಮಲ್ಲಿ ಕುರಿ ಕೂಡುವ ರೊಪ್ಪದೊಳಗೆ ಎಲ್ಲರನ್ನೂ ಬಿಡುವುದಿಲ್ಲ. "ಮೈಯಾಗ ಅರ್ಧ ಕಳಕೊಂಡಾಕಿ ಒಳಗ ಬಂದ್ರ ಮರಿ ಉಳಿಯಂಗಿಲ್ಲ" ಎಂದು ಅತ್ತಿಗೆಯನ್ನು ಹೊರಗೆ ನಿಲ್ಲಿಸಿದಳು. ತಾನೇ ಸಾಕಿದ ಕುರಿ ನೋವಿನಿಂದ ಒದರುವಾಗ ಅತ್ತಿಗೆ ಮುಳ್ಳುಬೇಲಿಯ ಈಚೆಗೆ ಸೆರಗು ಕಚ್ಚಿಕೊಂಡು ನಿಂತಿರುತ್ತಿದ್ದಳು. ಕಿಡ್ನಿ ಪಡೆದ ಅಣ್ಣ ಮಾತ್ರ ಒಳಗೆ ಹೋಗಿ ಬರುತ್ತಿದ್ದ. ವರ್ಷ ವರ್ಷವೂ ಇದೇ ಕಥೆ.

ಹೋದ ವಾರ ಹಬ್ಬಕ್ಕೆ ಮುದಿ ಕುರಿಯೊಂದನ್ನು ಕೊಯ್ದರು. ಹಿಂಡಿನಲ್ಲೇ ಹೆಚ್ಚು ಮರಿ ಹಾಕಿದ್ದು ಅದು, ಅವ್ವ ಅದನ್ನು ಹೊಗಳದ ದಿನವಿರಲಿಲ್ಲ. ಹೊಟ್ಟೆ ಬಗೆದರೆ ಕಿಡ್ನಿ ಒಂದೇ! ಹುಟ್ಟಿನಿಂದಲೇ ಒಂದಿತ್ತೋ, ನಡುವೆ ಇನ್ನೊಂದು ಬತ್ತಿ ಹೋಯಿತೋ, ಇದ್ದದ್ದಂತೂ ಒಳ್ಳೇ ದಪ್ಪಗಿತ್ತು. ಎಲ್ಲರೂ ಬಗ್ಗಿ ನೋಡಿದರು. ಕಿಡ್ನಿ ಸುಟ್ಟು ಯಜಮಾನನಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಅಣ್ಣ ಉಪ್ಪು ಖಾರ ಹಚ್ಚಿಕೊಂಡು ಅದನ್ನೂ ಬಾಯಿಗೆ ಹಾಕಿಕೊಂಡ.

"ಅಷ್ಟು ಮರಿ ಹಾಕಿದ್ ಕುರಿಗೆ ಒಂದು ಸಾಕಾಯ್ತು. ನಾನು ರೊಪ್ಪದೊಳಕ್ಕೆ ಬರಾಕೆ ಎಷ್ಟಿರ್ಬೇಕು, ಹೇಳು ಅತ್ತೆ?" ಅಂದಳು ಅತ್ತಿಗೆ.

"ಅದು ಕುರಿ. ನೀ ಹೆಂಗಸು" ಅಂದಳು ಅವ್ವ.

ಅಣ್ಣ ಅಗಿಯುತ್ತಲೇ ನಕ್ಕ. "ನೋಡ್ರಿ, ಮತ್ತ ಹಾರ್ಮೋನು!"

ಮರುದಿನ ಅತ್ತಿಗೆ ತನ್ನ ಗಬ್ಬದ ಕುರಿಗಳನ್ನು ಗೂಡ್ಸ್ ಆಟೋಗೆ ಹತ್ತಿಸಿಕೊಂಡು ತವರಿಗೆ ಹೊರಟುಬಿಟ್ಟಳು. ಇವತ್ತು ಬೆಳಿಗ್ಗೆ ಅಣ್ಣನ ಫೋನು: "ಯಾವ ಹೊತ್ತಿಗೆ ಯಾವ ಗುಳಿಗಿ ಅಂತ ಆಕೀಗೇ ಗೊತ್ತು. ಹೋಗಿ ಕರಕೊಂಡು ಬಾ ತಂಗಿ." ಹೂಂ ಅಂದಿದ್ದೆ. ಎಷ್ಟಾದರೂ ಒಡಹುಟ್ಟಿದವನು.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ನಾನೇ ಅವನಿಗೆ ಫೋನು ಮಾಡಿದೆ.

"ಕರಕೊಂಡು ಬರಾಕ ಹೊಂಟಿಲ್ಲಣ್ಣ. ಅಲ್ಲಿ ಕುರಿ ಈಯಾಕ ಹತ್ಯಾವು, ಅತ್ತಿಗಿ ಜೋಡಿ ರೊಪ್ಪದಾಗ ಕೆಲಸಕ್ಕ ಹೊಂಟೀನಿ. ಕಿಡ್ನಿ ಆಕಿ ಕೊಟ್ಟಾಳ, ಗುಳಿಗಿ ಆದ್ರೂ ನೀನ ನುಂಗು."