ಅಮ್ಮನ ಗೀಸರ್ ಮತ್ತು ಆರುನೂರು ಮನೆಗಳು

ನಮ್ಮಮ್ಮ ಒಂದು ಕಡೆ ಕೂತವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಊಟಕ್ಕೆ ಕೂತರೂ ನಡುವೆ ಎದ್ದು ಕಿಟಕಿ ನೋಡಿ ಬರಬೇಕು. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಮುಷ್ಟಿ ಬಿಗಿದ ಮೇಲಂತೂ ಕೇಳಲೇಬೇಡಿ. ಬಿಸಿನೀರಿನಲ್ಲಿ ಅದ್ದಿ ತಿಕ್ಕಿದರೆ ಮಾತ್ರ ಆ ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದವು.

ಇಂಥವಳ ಮನೆಯನ್ನೇ ನಮ್ಮನೆಯವರು ಪ್ರಯೋಗಕ್ಕೆ ಆರಿಸಿಕೊಂಡರು. ಇವರ ಬುದ್ಧಿಗೆ ಏನನ್ನೋಣ! ಇವರ ಲ್ಯಾಬಿನ ಕಂಪ್ಯೂಟರಿನೊಳಗೆ ಒಂದು ಊರಿದೆ. ಬೀದಿ, ಕಂಬ, ಆರುನೂರು ಮನೆ, ಎಲ್ಲ ಬರೀ ಲೆಕ್ಕ. ನಿಜವಾದದ್ದು ಅಮ್ಮನ ಗೀಸರ್ ಮತ್ತು ಕರೆಂಟ್ ಒಲೆ ಮಾತ್ರ. ಅವು ಎಷ್ಟು ಕರೆಂಟ್ ಎಳೆದವೋ, ಆರುನೂರು ಮನೆಯೂ ಅಷ್ಟಷ್ಟೇ ಎಳೆದಂತೆ. ಆ ಊರಿಗೆ ಕರೆಂಟ್ ಸಾಲದಾದಾಗ ಕಂಪ್ಯೂಟರ್ ಇಲ್ಲಿ ಗೀಸರನ್ನೂ ಒಲೆಯನ್ನೂ ಆರಿಸುತ್ತದೆ. ತೀರಾ ಬೇಕೆಂದರೆ ಒತ್ತಿ ಮತ್ತೆ ಶುರುಮಾಡಿಕೊಳ್ಳಲು ಗೋಡೆಯ ಮೇಲೊಂದು ಗುಂಡಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಲ್ಯಾಬಿಗೆ ದೊಡ್ಡವರು ನೋಡಲು ಬರುವ ದಿನ ಇವರು ಅಮ್ಮನಿಗೆ ಕೈಮುಗಿದರು. "ಅತ್ತೆ, ಇವತ್ತೊಂದಿನ ಗುಂಡಿ ಮುಟ್ಬೇಡಿ. ಇದು ಸರಿಯಾಗಿ ನಡೆದ್ರೆ ನನ್ನ ಕೆಲಸ ಕಾಯಂ."

"ಆಯ್ತು ಬಿಡಿ ಅಳಿಯಂದ್ರೇ, ನಾನೇನು ಚಿಕ್ಕ ಮಗುನಾ?" ಎಂದಳು ಅಮ್ಮ.

ಗೀಸರ್ ಆರಿದ ಸ್ವಲ್ಪ ಹೊತ್ತಿಗೇ ಅಪ್ಪನ ಕೈ ಸೆಟೆದುಕೊಂಡಿತು. ಉಗುರು ಅಂಗೈಗೆ ನಾಟಿ ಅಪ್ಪ ನರಳತೊಡಗಿದ. ನಲ್ಲಿಯಲ್ಲಿ ತಣ್ಣೀರು. ಅಮ್ಮ ಗುಂಡಿಯ ತನಕ ಹೋಗುವುದು, ವಾಪಸ್ ಬರುವುದು, ಅಪ್ಪನ ಕೈ ಹಿಡಿಯುವುದು, ಮತ್ತೆ ಹೋಗುವುದು. ಅಂದು ಅಲ್ಲೇ ಇದ್ದ ನನಗೋ ಅತ್ತ ದರಿ, ಇತ್ತ ಪುಲಿ.

"ಅಮ್ಮಾ, ಇನ್ನೊಂಚೂರು ತಡಿ," ಎಂದೆ.

"ನಿನ್ನ ತಲೆ! ಅವರ ಮುಖ ನೋಡೇ!" ಎಂದವಳೇ ಒತ್ತಿಬಿಟ್ಟಳು.

ಲ್ಯಾಬಿನ ಪರದೆಯ ಮೇಲೆ ಆರುನೂರು ಗೀಸರ್ ಒಟ್ಟಿಗೆ ಶುರುವಾಗಿ ಊರಿಗೆ ಊರೇ ಕತ್ತಲಾಯಿತಂತೆ. ಬಂದಿದ್ದವರು ಮುಖ ಗಂಟಿಕ್ಕಿಕೊಂಡು ಎದ್ದು ಹೋದರಂತೆ. ಇವರು ಕೆಂಡಾಮಂಡಲವಾಗಿ ನೇರ ಅಮ್ಮನ ಮನೆಗೇ ಬಂದರು.

"ಇಡೀ ಊರು ಮುಳುಗಿಸಿದ್ರಲ್ಲ ಅತ್ತೆ!"

ಅಮ್ಮ ಬಿಸಿನೀರಿನ ಬೋಗುಣಿಯಲ್ಲಿ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಅಂಗೈಯಲ್ಲಿ ರಕ್ತ ಜಿನುಗಿತ್ತು. "ತಪ್ಪಾಯ್ತಪ್ಪಾ. ಆ ಕತ್ತಲಲ್ಲಿ ಯಾರಿಗಾದ್ರೂ ತೊಂದ್ರೆ ಆಯ್ತಾ? ಕಾಯಿಲೆ ಗೀಯಿಲೆ ಇರೋರಿಗೆ?"

"ಅಯ್ಯೋ, ಅಲ್ಲಿ ಜನ ಎಲ್ಲಿದ್ದಾರೆ? ಮನೆ ಇದೆ ಅಷ್ಟೇ. ಮನುಷ್ಯರನ್ನ ನಾವು ಹಾಕೇ ಇಲ್ಲ."

ಅಮ್ಮನ ಕೈ ನಿಂತಿತು. "ಯಾರೂ ಇಲ್ವಾ? ಮತ್ತೆ ಅಷ್ಟೊತ್ತು ಯಾರಿಗೋಸ್ಕರ ಇವರ ನರಳಾಟ ನೋಡ್ಕೊಂಡು ನಿಂತಿದ್ದೆ ನಾನು?"

ಇವರು ಅಪ್ಪನ ಅಂಗೈಯನ್ನು ಆಗಲೇ ಕಂಡದ್ದು. ದನಿ ಇಳಿಯಿತು.

"ನನಗೋಸ್ಕರ, ಅತ್ತೆ."

ಅಮ್ಮ ಕೂತಲ್ಲೇ ಅತ್ತುಬಿಟ್ಟಳು.