ಪಾಸಾ, ಟಿಕೆಟ್ಟಾ?

ಅವರ ಕೊರಳಲ್ಲಿ ಎರಡು ದಾರಗಳಿದ್ದವು. ಒಂದು ಅರಿಶಿನ ಹಚ್ಚಿ ಹಚ್ಚಿ ಹಳದಿಯಾದ ತಾಳಿಯ ದಾರ, ಇನ್ನೊಂದು ವಿಷಲ್ಲಿನ ಕಪ್ಪು ದಾರ. ಖಾಕಿ ಅಂಗಿಯ ಮೇಲಿನ ಗುಂಡಿಯ ಹತ್ತಿರ ಎರಡೂ ಸದಾ ಸಿಕ್ಕು ಬೀಳುತ್ತಿದ್ದವು. ವಿಷಲ್ ಊದಬೇಕೆಂದು ಗಡಿಬಿಡಿಯಲ್ಲಿ ಕೈ ಹಾಕಿದರೆ ತಾಳಿ ತುಟಿಯವರೆಗೆ ಬಂದುಬಿಡುತ್ತಿತ್ತು. "ಥೂ, ಡ್ಯೂಟೀಲೂ ಅಡ್ಡ ಬರ್ತಾನಲ್ಲಪ್ಪಾ ಇವ್ನು" ಎಂದು ಕಾಣದ ಗಂಡನನ್ನು ಬೈದು, ಅದನ್ನು ಅಂಗಿಯೊಳಕ್ಕೆ ತಳ್ಳಿ, ಆಮೇಲೆ ವಿಷಲ್ ಊದುತ್ತಿದ್ದರು. ಮುಂದಿನ ಸೀಟಿನ ಹೆಂಗಸರೆಲ್ಲ ನಗುತ್ತಿದ್ದರು.

ಚಿಕ್ಕಬಾಣಾವರದಿಂದ ಜಾಲಹಳ್ಳಿ ಕ್ರಾಸ್, ಯಶವಂತಪುರದ ಮೇಲೆ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿನಲ್ಲಿ ಅವರು ಕಂಡಕ್ಟರ್. ಹೆಸರಘಟ್ಟ ರಸ್ತೆಯ ಕಡೆಯ ಒಂದು ಹಳ್ಳಿಯವರು. ಅವರಪ್ಪನ ರಾಗಿ ಹೊಲ ಯಾವಾಗಲೋ ಲೇಔಟಾಗಿ, ಅದರ ಮೇಲೆ ಈಗ ಯಾರಯಾರದೋ ಮನೆಗಳಿದ್ದವು. ಆ ಸಂಕಟವನ್ನೂ ಅವರು ತಮಾಷೆಗೇ ಬಳಸಿಕೊಳ್ಳುತ್ತಿದ್ದರು. ಬಾಗಿಲಲ್ಲೇ ಜೋತುಬಿದ್ದವರನ್ನು ಕಂಡರೆ, "ಒಳೀಕ್ ಓಗ್ರಪ್ಪಾ, ಒಳಗೆ ಎಷ್ಟು ಜಾಗ ಐತೆ, ಸೈಟ್ ಮಾಡಿ ಮಾರ್ಬೋದು!" ಎಂದು ಕೂಗುತ್ತಿದ್ದರು. ಚಿಲ್ಲರೆ ವಿಷಯದಲ್ಲಿ ಮಾತ್ರ ತಮಾಷೆಯಿಲ್ಲ. ಒಂದು ರೂಪಾಯಿ ಕೊಡುವುದಿದ್ದರೂ ಇಳಿಯುವವರ ಹಿಂದೆ ಹೋಗಿ ಕೈಗಿಟ್ಟು ಬರುತ್ತಿದ್ದರು.

ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತಿದ್ದೆ. ಓದಿದ್ದು ಪಿಯುಸಿ. ಯಾವ ಬೋಲ್ಟು ಯಾವ ರ‍್ಯಾಕಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ, ಆದರೆ ಇನ್‌ಚಾರ್ಜ್ ಆಗಬೇಕಾದರೆ ಡಿಗ್ರಿ ಬೇಕು. ನನ್ನ ಹತ್ತಿರವೇ ಕೆಲಸ ಕಲಿತ ಒಬ್ಬರು, ನನಗಿಂತ ಹತ್ತು ವರ್ಷ ಚಿಕ್ಕವರು, ಡಿಗ್ರಿ ಇದ್ದುದರಿಂದ ನನಗೇ ಇನ್‌ಚಾರ್ಜ್ ಆಗಿ ಬಂದರು. ಪಾಪ, ಒಳ್ಳೆಯವರು. "ಅಣ್ಣ" ಎಂದೇ ಕರೆಯುತ್ತಿದ್ದರು. ಅವರು ಹಾಗೆ ಕರೆದಷ್ಟೂ ನನಗೆ ಒಳಗೊಳಗೆ ಉರಿಯುತ್ತಿತ್ತು. ಆ ಉರಿಯಲ್ಲೇ ಮೂವತ್ತೇಳನೆಯ ವಯಸ್ಸಿನಲ್ಲಿ ಯಶವಂತಪುರದ ಕಡೆಯ ಒಂದು ಸಂಜೆ ಕಾಲೇಜಿಗೆ ಬಿ.ಕಾಂ.ಗೆ ಸೇರಿದೆ. ಹೆಂಡತಿ, ಮಗಳನ್ನು ಬಿಟ್ಟರೆ ಯಾರಿಗೂ ಹೇಳಲಿಲ್ಲ. ಫೇಲಾದರೆ ಕಾರ್ಖಾನೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

ಕಾಲೇಜಿನಿಂದ ವಿದ್ಯಾರ್ಥಿ ಬಸ್ ಪಾಸು ಮಾಡಿಸಿಕೊಟ್ಟರು. ಮೊದಲ ಸಂಜೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ ಹತ್ತಿದೆ. "ಪಾಸಾ, ಟಿಕೆಟ್ಟಾ?" ಎನ್ನುತ್ತ ಅವರು ಬಂದರು. ನಾನು ಅಂಗೈಯಲ್ಲಿ ಮುಚ್ಚಿಕೊಂಡು ಪಾಸು ತೋರಿಸಿದೆ. ಅವರು ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದರು.

"ಯಾರ್ದ್ರೀ ಇದು? ಮಗಂದಾ?"

"ನಂದೇ."

ಅವರು ಫೋಟೋ ನೋಡಿದರು, ಕಿವಿಯ ಹತ್ತಿರ ನೆರೆತ ನನ್ನ ಕೂದಲು ನೋಡಿದರು. "ಅಯ್ಯೋ ಶಿವ್ನೇ, ನೀವೇ ಸ್ಟೂಡೆಂಟಾ!"

ಕುಹಕಕ್ಕೆ ಅಂದದ್ದಲ್ಲ, ನಿಜವಾಗಿ ಆಶ್ಚರ್ಯವಾಗಿತ್ತು ಅವರಿಗೆ. ಆದರೆ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಪುಸ್ತಕದ ಚೀಲ ಹಿಡಿದ ಒಬ್ಬ ಹುಡುಗಿ ಎದ್ದು, "ಅಂಕಲ್, ಕೂತ್ಕೊಳಿ" ಎಂದು ಸೀಟು ಬಿಟ್ಟುಕೊಟ್ಟಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನದಿಂದ ಪಾಸು ಜೇಬಿನಲ್ಲೇ ಇಟ್ಟುಕೊಂಡು ಟಿಕೆಟ್ ತೆಗೆದುಕೊಳ್ಳತೊಡಗಿದೆ. ಈ ದಡ್ಡತನವನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಕಾಲೇಜಿನ ಫೀಸಿಗೆಂದು ಮನೆಯಲ್ಲಿ ಒಂದು ಹೊತ್ತಿನ ಹಾಲು ನಿಲ್ಲಿಸಿದ್ದೆವು. ಮಗಳ ಶಾಲೆಯಿಂದ ಮೈಸೂರಿಗೆ ಪ್ರವಾಸ ಹೊರಟಿದ್ದರು, ಈ ಸಲ ಬೇಡ ಎಂದಿದ್ದೆ. ಅವಳು ಅಳಲಿಲ್ಲ. "ಬಿಡಪ್ಪ, ನಿನ್ನ ಕಾಲೇಜ್ ಮುಗಿದ್ಮೇಲೆ ಹೋಗ್ತೀನಿ" ಅಂದಳು. ಅಂಥ ಮಗುವಿನ ಅಪ್ಪ ನಾನು, ಪಾಸನ್ನು ಬಚ್ಚಿಟ್ಟುಕೊಂಡು ದಿನಾ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಿದ್ದೆ.

ಕಂಡಕ್ಟರ್ ಮೇಡಂ ಕೆಲವು ದಿನ ನೋಡಿ ಒಂದು ಸಂಜೆ ಬಗ್ಗಿ ಕೇಳಿದರು. "ಪಾಸ್ ಕಳ್ದೋಯ್ತಾ?"

"ಇಲ್ಲ, ಇದೆ."

"ಮತ್ತೆ ಟಿಕೆಟ್ ಯಾಕೆ?"

ನಾನು ಪಕ್ಕದ ಹುಡುಗರ ಕಡೆ ಕಣ್ಣು ಹೊರಳಿಸಿದೆ. ಅವರು ನನ್ನ ಅಕ್ಕಪಕ್ಕ ನಿಂತವರನ್ನೊಮ್ಮೆ ನೋಡಿದರು, ಅರ್ಥ ಮಾಡಿಕೊಂಡರು. "ನಾಳೆಯಿಂದ ಬ್ಯಾಗ್ ಮರೇಲಿ ಹಿಡೀರಿ ಸಾಕು, ನಾನ್ ನೋಡ್ಕೋತೀನಿ" ಎಂದು ಪಿಸುಗುಟ್ಟಿ ಮುಂದಕ್ಕೆ ಹೋದರು.

ಮರುದಿನ ಹಾಗೇ ಮಾಡಿದೆ. ಅವರು ಓರೆಗಣ್ಣಿನಲ್ಲಿ ಪಾಸು ನೋಡಿ, ಎಲ್ಲರಿಗೂ ಕೇಳುವಂತೆ "ಸ್ಟಾಫ್" ಎಂದು ಹೇಳಿ ನನ್ನನ್ನು ದಾಟಿದರು. ಡಿಪೋದ ನೌಕರರು ಬಸ್ ಹತ್ತಿದಾಗ ಹೇಳುವ ಮಾತು ಅದು. ಅಕ್ಕಪಕ್ಕದವರು ನನ್ನನ್ನು ಯಾವುದೋ ಡಿಪೋದ ಮೆಕ್ಯಾನಿಕ್ಕೋ ಕ್ಲರ್ಕೋ ಎಂದುಕೊಂಡರು. ಆ ಸಂಜೆ ನಾನು ನಿರಾಳವಾಗಿ ಕಿಟಕಿಯಾಚೆ ನೋಡುತ್ತ ಹೋದೆ.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ನಮ್ಮ ಇನ್‌ಚಾರ್ಜ್ ಅದೇ ಬಸ್ಸಿಗೆ ಬರತೊಡಗಿದಾಗ. ಅವರು ತುಮಕೂರಿನವರು, ಯಶವಂತಪುರದಲ್ಲಿ ರೈಲು ಹಿಡಿಯುತ್ತಿದ್ದರು. "ಸ್ಟಾಫ್" ಎಂಬ ಮಾತು ಕೇಳಿ ಅವರಿಗೆ ನಗು. "ಏನಣ್ಣ, ನಮಗೆ ಹೇಳ್ದೆ ಡಿಪೋ ಸೇರ್ಕೊಂಡ್ರಾ?"

ನನ್ನ ಬಾಯಿಗೆ ಬಂದದ್ದು ಒಂದು ಸುಳ್ಳು. "ಕಂಡಕ್ಟರ್ ನಮ್ಮಕ್ಕ ಆಗ್ಬೇಕು ಸಾರ್. ತಮಾಷೆಗೆ ಹಾಗಂತಾರೆ."

ಹಿಂದೆಯೇ ಟಿಕೆಟ್ ಯಂತ್ರದ ಸದ್ದಾಯಿತು. ಕಂಡಕ್ಟರ್ ಮೇಡಂ ಅಲ್ಲೇ ನಿಂತಿದ್ದರು. ಪಕ್ಕದವರಿಗೆ ಟಿಕೆಟ್ ಕೊಟ್ಟು ಮುಂದಕ್ಕೆ ಹೋದರು. ಮಾರನೆಯ ಸಂಜೆ ನಾನು ಹತ್ತಿದಾಗ, "ಏನ್ ತಮ್ಮ, ಮೊಕ ಬಾಡೋಗೈತೆ, ಮಧ್ಯಾಹ್ನ ಉಂಡ್ಯಾ?" ಎಂದು ಗಟ್ಟಿಯಾಗಿ ಕೇಳಿದರು. ಅವತ್ತಿನಿಂದ ನೀವು ಹೋಗಿ ನೀನು ಬಂತು. ನಾನೂ ಅಕ್ಕ ಎನ್ನತೊಡಗಿದೆ. ನನಗೆ ಅದು ಅನುಕೂಲಕ್ಕೆ ಹೇಳಿದ ಮಾತು. ಅವರಿಗೂ ಹಾಗೆಯೇ ಎಂದು ತಿಳಿದುಕೊಂಡಿದ್ದೆ.

ಎರಡನೆಯ ವರ್ಷದ ಫೀಸಿನ ಹೊತ್ತಿಗೆ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತುಹೋಯಿತು. ಕಾಲೇಜಿನಲ್ಲಿ ಫೀಸು ಕಟ್ಟದವರ ಹೆಸರನ್ನು ಆಫೀಸಿನವರು ಕ್ಲಾಸಿಗೇ ಬಂದು ಕೂಗುತ್ತಿದ್ದರು. ಇಪ್ಪತ್ತರ ಆಸುಪಾಸಿನವರ ಮಧ್ಯೆ ಎದ್ದು ನಿಲ್ಲಬೇಕಿತ್ತು. ಅವರೋ ನಗುತ್ತಾ ನಿಲ್ಲುತ್ತಿದ್ದರು. ಎರಡು ಸಲ ನಿಂತೆ. ಮೂರನೆಯ ಸಲಕ್ಕೆ ನನ್ನಿಂದ ಆಗಲಿಲ್ಲ. ಕಾಲೇಜಿನ ಸ್ಟಾಪ್ ಬಂದರೂ ಇಳಿಯದೆ ಕೂತೇ ಇದ್ದೆ.

ಅಕ್ಕ ಹತ್ತಿರ ಬಂದರು. "ಇಲ್ಲಿಂದ ಮುಂದಕ್ಕೆ ಟಿಕೆಟ್ ತಗೋಬೇಕು. ನಿನ್ನ ಪಾಸು ಕಾಲೇಜ್‌ಗಂಟ ಅಷ್ಟೇ." ತಮ್ಮನಾದರೇನು, ಅವರು ಬಿಡುವವರಲ್ಲ. ದುಡ್ಡು ಎಣಿಸಿಕೊಂಡು ಟಿಕೆಟ್ ಕೊಟ್ಟರು. ಮೆಜೆಸ್ಟಿಕ್ಕಿನಲ್ಲಿ ಬಸ್ ನಿಂತ ಮೇಲೆ ಟೀ ಕುಡಿಸಿ ವಿಷಯ ಬಿಡಿಸಿಕೊಂಡರು. ಓದು ಬಿಟ್ಟುಬಿಡುತ್ತೇನೆ ಎಂದೆ.

"ಕಂತಲ್ಲಿ ಕಟ್ತೀನಿ ಅಂತ ಕೇಳ್ದಾ?"

"ಕೇಳಕ್ಕೆ ನಾಚಿಕೆ ಅಕ್ಕ. ಈ ವಯಸ್ಸಲ್ಲಿ ಆಫೀಸ್ ಮುಂದೆ ಕೈಕಟ್ಕೊಂಡು..."

ಅವರು ಟೀ ಲೋಟ ಕೆಳಗಿಟ್ಟರು. "ದಿನಾ ಪಾಸ್ ಪಾಸ್ ಅಂತ ಬಾಯ್ ಬಡ್ಕೋತೀನಿ. ನಾನೇ ಒಂದ್ ದಪ ಪಾಸಾಗ್ಲಿಲ್ಲ. ಪಿಯುಸಿ ಇಂಗ್ಲೀಷ್ ಓಯ್ತು. ಮತ್ತೆ ಕಟ್ಟವ್ವ ಅಂದ್ರು ನಮ್ಮಪ್ಪ. ಜೂನಿಯರ್ಸ್ ಜೊತೆ ಕುಂತು ಬರೆಯಾಕೆ ನಾಚ್ಕೆ. ಓಗ್ಲಿಲ್ಲ. ಆ ನಾಚ್ಕೆ ಇವತ್ತಿಗೆ ಯಾವ್ ಕೆಲ್ಸಕ್ಕೆ ಬಂತು ಏಳು?" ಎಂದರು. ಆಮೇಲೆ ಮುಖ ತಿರುಗಿಸಿ ಡ್ರೈವರನ್ನು ಹೊತ್ತಾಯಿತೆಂದು ಗದರಿಸಿದರು.

ಮರುದಿನ ಕಾಲೇಜಿನ ಸ್ಟಾಪಿನಲ್ಲಿ ವಿಷಲ್ ಊದಿ, ನಾನು ಏಳುವವರೆಗೂ ಬಸ್ ಬಿಡಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಇಳಿದು ನೆಟ್ಟಗೆ ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿನವರು ತಲೆಯೆತ್ತದೆ, ಮೂರು ಕಂತಲ್ಲಿ ಕಟ್ಟಿ ಎಂದರು. ಅಷ್ಟಕ್ಕೆ ನಾನು ಓದನ್ನೇ ಬಿಡಲು ಹೊರಟಿದ್ದೆ.

ಇನ್ನು ಆ ಚೆಕಿಂಗ್ ಸಂಜೆ. ಕೊನೆಯ ವರ್ಷ. ಬಸ್ ತುಂಬಿ ತುಳುಕುತ್ತಿತ್ತು, ಪಕ್ಕದಲ್ಲಿ ನಮ್ಮ ಇನ್‌ಚಾರ್ಜ್. ಗೊರಗುಂಟೆಪಾಳ್ಯದಲ್ಲಿ ತಪಾಸಣೆಯ ಅಧಿಕಾರಿ ಹತ್ತಿದರು. ನನ್ನ ಮುಂದೆ ಬಂದು ಕೈ ಚಾಚಿದರು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಇನ್‌ಚಾರ್ಜ್ ನನಗೆ ಉಪಕಾರ ಮಾಡುವವರಂತೆ, "ಅವ್ರು ಕಂಡಕ್ಟರ್ ಮೇಡಂ ತಮ್ಮ ಸಾರ್" ಎಂದರು.

ಅಧಿಕಾರಿಯ ಮುಖ ಬದಲಾಯಿತು. "ಓಹೋ. ಏನಮ್ಮಾ, ಮನೆಯವ್ರನ್ನೆಲ್ಲ ಫ್ರೀಯಾಗಿ ಸಾಗಿಸ್ತಿದೀಯಾ? ಬಸ್ಸು ನಿಮ್ಮಪ್ಪಂದಾ?"

ಅಕ್ಕ ನನ್ನತ್ತ ನೋಡಿದರು. ಅವನು ನನ್ನ ತಮ್ಮನಲ್ಲ, ವಿದ್ಯಾರ್ಥಿ, ಪಾಸಿದೆ ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಂದು ರೂಪಾಯಿ ಚಿಲ್ಲರೆಗೆ ಪ್ರಯಾಣಿಕರ ಹಿಂದೆ ಓಡುತ್ತಿದ್ದವರು, ತುಂಬಿದ ಬಸ್ಸಿನಲ್ಲಿ ಕಳ್ಳಿಯ ಹಾಗೆ ತಲೆ ತಗ್ಗಿಸಿ ನಿಂತರು. ಅಧಿಕಾರಿ ಮೆಮೊ ಕೊಡುತ್ತೇನೆ, ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುತ್ತೇನೆ ಎಂದು ಬೈಯುತ್ತಲೇ ಇದ್ದರು. ನನ್ನ ಕೈ ಜೇಬಿನಲ್ಲೇ ಇತ್ತು, ಬೆರಳಿಗೆ ಪಾಸು ಸಿಕ್ಕಿತ್ತು, ಪಕ್ಕದಲ್ಲಿ ಇನ್‌ಚಾರ್ಜ್ ನಿಂತಿದ್ದರು, ಕೈ ಮಾತ್ರ ಮೇಲಕ್ಕೆ ಬರಲಿಲ್ಲ. ಕೊನೆಗೆ ತೆಗೆದು ತೋರಿಸಿದೆ, ನಿಜ. ಆದರೆ ಅವರು ಬೈಗುಳವನ್ನೆಲ್ಲ ಉಂಡು ಮುಗಿಸಿದ ಮೇಲೆ.

"ಸ್ಟೂಡೆಂಟಾ ನೀವು? ಬಾಯಿಬಿಟ್ಟು ಹೇಳಕ್ಕೇನ್ರೀ?" ಎಂದು ಅಧಿಕಾರಿ ಪಾಸು ವಾಪಸ್ಸು ಕೊಟ್ಟು ಇಳಿದುಹೋದರು. ಇನ್‌ಚಾರ್ಜ್ ನನ್ನ ಭುಜ ಹಿಡಿದು, "ಅಣ್ಣ, ಕಾಲೇಜಿಗೆ ಹೋಗ್ತಿದೀರಾ? ಎಷ್ಟು ಒಳ್ಳೆ ವಿಷಯ, ಯಾಕೆ ಹೇಳ್ಲಿಲ್ಲ?" ಎಂದರು. ಇಷ್ಟೇ. ಇಷ್ಟಕ್ಕೆ ಹೆದರಿ ಮೂರು ವರ್ಷ ಬಚ್ಚಿಟ್ಟುಕೊಂಡಿದ್ದೆ.

ಇಳಿಯುವಾಗ ಅಕ್ಕನಿಗೆ ಕೈಮುಗಿದೆ. "ನೀವಾದ್ರೂ ಹೇಳ್ಬಾರ್ದಿತ್ತಾ ಅಕ್ಕ?"

"ನೀನೇ ಅಲ್ವಾ ಅಕ್ಕ ಅಂದಿದ್ದು? ತಮ್ಮ ಅಲ್ಲ ಅಂತ ಎಂಗ್ ಏಳ್ಲಿ ನಾನು?" ಎಂದರು. ಅವರ ಕಣ್ಣು ಕೆಂಪಾಗಿತ್ತು. "ಓಗು, ಕ್ಲಾಸಿಗೆ ಒತ್ತಾಯ್ತು."

ಅಂದಿನಿಂದ ಪಾಸನ್ನು ಬ್ಯಾಗಿನ ಮರೆಯಿಂದ ಹೊರಗೆ ಹಿಡಿದೆ. "ಪಾಸ್" ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಆಗಲೂ ಬರಲಿಲ್ಲ. ಕೊನೆಯ ಪರೀಕ್ಷೆ ಮುಗಿದ ಮೇಲೆ ಆ ದಿಕ್ಕಿನ ಬಸ್ ಹತ್ತುವ ಕೆಲಸವೇ ಇರಲಿಲ್ಲ. ರಿಸಲ್ಟ್ ಬರಲಿ, ಹೋಗಿ ಹೇಳುತ್ತೇನೆ ಎಂದುಕೊಂಡೆ. ಅವರ ಮನೆ ಎಲ್ಲಿ, ಮಕ್ಕಳೆಷ್ಟು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಫೋನ್ ನಂಬರನ್ನೂ ತೆಗೆದುಕೊಂಡಿರಲಿಲ್ಲ.

ರಿಸಲ್ಟ್ ಬಂದ ಸಂಜೆ ಪೇಡದ ಡಬ್ಬಿ ಹಿಡಿದು ಜಾಲಹಳ್ಳಿ ಕ್ರಾಸಿನಲ್ಲಿ ಕಾದು ಬಸ್ ಹತ್ತಿದೆ. ಬಸ್ ಅದೇ, ಡ್ರೈವರ್ ಅವರೇ, ಕಂಡಕ್ಟರ್ ಮಾತ್ರ ಬೇರೆ ಯಾರೋ ತರುಣ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಮುಂದೆ ಹೋಗಿ ಕೇಳಿದೆ. "ಅಕ್ಕ ರಜಾನಾ?"

ಡ್ರೈವರ್ ನನ್ನನ್ನು ವಿಚಿತ್ರವಾಗಿ ನೋಡಿದರು. "ನೀವು ಅವ್ರ ತಮ್ಮ ಅಲ್ವೇನ್ರೀ? ಮೇಡಂ ಹೋಗ್ಬಿಟ್ರಲ್ಲಾ, ಹಾರ್ಟ್ ಅಟ್ಯಾಕ್. ತಿಂಗಳ ಮೇಲಾಯ್ತು. ಮಣ್ಣಿಗೂ ಬರ್ಲಿಲ್ವಾ ನೀವು?"

ನಾನು ಪಕ್ಕದ ಕಂಬ ಹಿಡಿದುಕೊಂಡೆ. ಅವರ ತಮ್ಮನಲ್ಲ ನಾನು ಎಂದು ಹೇಳಲು ಬಾಯಿ ಬರಲಿಲ್ಲ. ಹೌದು ಎನ್ನಲೂ ಬರಲಿಲ್ಲ.

ಡ್ರೈವರ್ ಸಿಗ್ನಲ್ ಕಡೆ ನೋಡುತ್ತ ಹೇಳಿದರು. "ನಮ್ಮ ತಮ್ಮ ಡಿಗ್ರಿ ಓದ್ತಾವ್ನೆ, ಈ ವಯಸ್ಸಲ್ಲೂ ಅಂತ ಡಿಪೋಲಿ ಸಿಕ್ಕಿದವ್ರಿಗೆಲ್ಲ ಹೇಳೋರು. ರಿಸಲ್ಟ್ ಬಂತಾ, ಬಂತಾ ಅಂತ ನನ್ನನ್ನ ಕೇಳ್ತಿದ್ರು, ನನಗೇನ್ ಗೊತ್ತು. ಏನಾಯ್ತು?"

"ಪಾಸ್" ಎಂದೆ. ಆ ಬಸ್ಸಿನಲ್ಲಿ ಆ ಮಾತನ್ನು ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಹಿಂದೆ ಬಂದು ನಿಂತಿದ್ದ ಹೊಸ ಕಂಡಕ್ಟರಿಗೆ ಅಷ್ಟು ಮಾತ್ರ ಕೇಳಿಸಿತೇನೋ. "ಪಾಸ್ ಆದ್ರೆ ತೋರ್ಸಿ ಸಾರ್" ಎಂದು ಕೈ ಚಾಚಿದ. ನನ್ನ ಪಾಸಿನ ಅವಧಿ ಪರೀಕ್ಷೆಯ ಜೊತೆಗೇ ಮುಗಿದಿತ್ತು. ಪೇಡದ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಟಿಕೆಟ್ ತೆಗೆದುಕೊಂಡೆ.